ಒಂದೇ ಕಟ್ಟಡ, ಎರಡು ಮೇಜು: ಲಂಚಕ್ಕೆ ಕಾರಣ ಮನುಷ್ಯನೋ, ವ್ಯವಸ್ಥೆಯೋ?

ಮಲೆನಾಡಿನ ಮಗಳು · ಭಾನುವಾರ

ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡು ಒಂದು ವರ್ಷವಾಯಿತು. ತೋಟ, ಗದ್ದೆ ಎಲ್ಲಾ ಅವರ ಹೆಸರಿನಲ್ಲೇ ಇತ್ತು. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು, ಮುಗಿಯಿತು. ಈಗ ಅಣ್ಣನ ಪಾಲು, ನನ್ನ ಪಾಲು ಅಳೆಸಿ ಬೇರೆ ಮಾಡಿಸಲು, ಅಂದರೆ ಪೋಡಿಗೆ, ಓಡಾಡುತ್ತಿದ್ದೇನೆ.

ಹೋದ ವಾರ ಪಹಣಿ (ಜಮೀನಿನ ದಾಖಲೆ) ಬೇಕಿತ್ತು. ಕೌಂಟರಿನಲ್ಲಿ ಶುಲ್ಕ ಕಟ್ಟಿದೆ. 10 ನಿಮಿಷದಲ್ಲಿ ಕೈಗೆ ಬಂತು. ಯಾರೂ ಏನೂ ಕೇಳಲಿಲ್ಲ. ಅದೇ ಕಟ್ಟಡದ ಇನ್ನೊಂದು ಕೋಣೆಗೆ ಅಳತೆ ವಿಚಾರಿಸಲು ಹೋದೆ. "ಸರ್ವೆಯರ್ ಕಮ್ಮಿ ಇದ್ದಾರೆ, ಅರ್ಜಿ ಜಾಸ್ತಿ ಇವೆ, ನೋಡೋಣ" ಅಂದರು. ಹೊರಗೆ ಬಂದರೆ ಒಬ್ಬರು ಹಿಂದೆಯೇ ಬಂದರು. 15,000 ಕೊಟ್ಟರೆ ಮುಂದಿನ ವಾರವೇ ಅಳತೆಯಂತೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ದುಡ್ಡಿನ ಚಿಂತೆಗಲ್ಲ. ಎರಡೂ ಕೋಣೆಯಲ್ಲಿ ಇರುವವರು ಒಂದೇ ಸೀಮೆಯ ಜನ. ಒಂದೇ ಸರ್ಕಾರದ ಸಂಬಳ. ಮಧ್ಯಾಹ್ನ ಒಟ್ಟಿಗೆ ಕೂತು ಬುತ್ತಿ ಬಿಚ್ಚುತ್ತಾರೆ. ಒಂದು ಮೇಜಿನಲ್ಲಿ ಲಂಚವಿಲ್ಲ, ಇನ್ನೊಂದರಲ್ಲಿ ಇದೆ. ನಮ್ಮ ಜನವೇ ಹೀಗೆ ಅನ್ನುವುದಾದರೆ ಎರಡೂ ಕಡೆ ಇರಬೇಕಿತ್ತು ಅಲ್ವಾ? ರಾಜಕೀಯ, ಆರ್ಥಿಕ ವ್ಯವಸ್ಥೆ ಲಂಚವನ್ನು ಹೆಚ್ಚು ಕಡಿಮೆ ಮಾಡುತ್ತದೆಯೇ? ತಿಳಿದವರು ಹೇಳಿ. ಸುಮ್ನೆ ಬೈಯುವುದು ಬೇಡ, ನನಗೆ ನಿಜವಾಗಿ ತಿಳಿಯಬೇಕು.

ಓದುಗ_77

ಅಪ್ಪನ ವಿಷಯ ಓದಿ ಬೇಸರವಾಯಿತು ತಂಗಿ. ಆದರೆ ನನ್ನ ಅಭಿಪ್ರಾಯ ಬೇರೆ. ವ್ಯವಸ್ಥೆಯನ್ನು ದೂರುವುದು ಸುಲಭ. ಕೈ ಚಾಚುವುದು ಮನುಷ್ಯನೇ ಹೊರತು ಕುರ್ಚಿಯಲ್ಲ.

ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್‌ನ 2024ರ ಭ್ರಷ್ಟಾಚಾರ ಪಟ್ಟಿ ನೋಡಿ, ಅಂಕ ಹೆಚ್ಚಿದ್ದಷ್ಟೂ ಭ್ರಷ್ಟಾಚಾರ ಕಡಿಮೆ ಎಂದು ಅರ್ಥ. ಡೆನ್ಮಾರ್ಕ್‌ಗೆ 100ಕ್ಕೆ 90 ಅಂಕ. ನಮಗೆ 38, ಸ್ಥಾನ 96. ಅಲ್ಲೂ ಚುನಾವಣೆ ಇದೆ, ಇಲ್ಲೂ ಇದೆ. ಅಲ್ಲೂ ಮಾರುಕಟ್ಟೆ, ಇಲ್ಲೂ ಮಾರುಕಟ್ಟೆ. ವ್ಯತ್ಯಾಸ ಜನರಲ್ಲಿದೆ. ಮಕ್ಕಳು ಮನೆಯಲ್ಲಿ ಏನು ಕಲಿಯುತ್ತಾರೋ ಕಚೇರಿಯಲ್ಲಿ ಅದನ್ನೇ ಮಾಡುತ್ತಾರೆ.

ಹಳೆಯ ಗ್ರಾಮ ಲೆಕ್ಕಿಗ

ನಾನು ಕಂದಾಯ ಇಲಾಖೆಯಲ್ಲಿ 30 ವರ್ಷಕ್ಕೂ ಹೆಚ್ಚು ಕೆಲಸ ಮಾಡಿ ನಿವೃತ್ತನಾದವನು. ಮಗಳೇ, ನಿನ್ನ ಪ್ರಶ್ನೆಗೆ ಉತ್ತರ ಆ ಎರಡು ಕೋಣೆಗಳಲ್ಲೇ ಇದೆ.

ನಾನು ಕೆಲಸಕ್ಕೆ ಸೇರಿದಾಗ ಪಹಣಿ ಪುಸ್ತಕ ನನ್ನ ಚೀಲದಲ್ಲಿ ಇರುತ್ತಿತ್ತು. ರಾಜ್ಯದಲ್ಲಿ ನನ್ನಂಥವರು ಸುಮಾರು 9,000 ಜನ. ಪುಸ್ತಕದಲ್ಲಿ ಏನು ಬರೆದಿದೆ ಎಂದು ರೈತನಿಗೆ ಗೊತ್ತಿಲ್ಲ, ತಹಸೀಲ್ದಾರರಿಗೂ ದಿನಾ ನೋಡಲು ಆಗುವುದಿಲ್ಲ. ಮುಂಗಾರಿಗೆ ಮುಂಚೆ ಬೆಳೆ ಸಾಲಕ್ಕೆ ಸೊಸೈಟಿಯವರು ಪಹಣಿ ಕೇಳುತ್ತಾರೆ. ರೈತನಿಗೆ ಇವತ್ತೇ ಬೇಕು. ನಾನು ನಾಳೆ ಬಾ ಅಂದರೆ ಅವನ ಒಂದು ದಿನದ ಕೂಲಿ ಹೋಗುತ್ತದೆ. ಕೇಳದೆಯೇ ಕೊಡುತ್ತಿದ್ದರು. ನಾನೂ ತೆಗೆದುಕೊಂಡಿದ್ದೇನೆ. ಈ ವಯಸ್ಸಿನಲ್ಲಿ ಮುಚ್ಚಿಡುವುದಿಲ್ಲ, ಆ ಮುಖಗಳು ಈಗಲೂ ನೆನಪಾಗುತ್ತವೆ.

ಆಮೇಲೆ "ಭೂಮಿ" ಯೋಜನೆ ಬಂತು. 2000ದ ಆಸುಪಾಸು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಆಗ 15 ರೂಪಾಯಿ ಕಟ್ಟಿದರೆ ಯಾರು ಬೇಕಾದರೂ ಪ್ರತಿ ಪಡೆಯಬಹುದಿತ್ತು. ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ ಎಂದು ಆದೇಶವಾಯಿತು. ನನ್ನ ಚೀಲ ಖಾಲಿಯಾಯಿತು. ನಾನು ಒಳ್ಳೆಯವನಾದೆ ಅಂತಲ್ಲ. ನನ್ನ ಹತ್ತಿರ ಮಾರಲು ಏನೂ ಉಳಿಯಲಿಲ್ಲ.

ಖಾತೆ ಬದಲಾವಣೆಗೂ ಮೊದಲು ಬಂದ ಅರ್ಜಿ ಮೊದಲು ಎಂಬ ಕಟ್ಟುಪಾಡು ಬಂತು. ಸರದಿ ಜಿಗಿಯುವುದು ನಿಂತಿತು. ಆದರೆ ತಕರಾರು ಹಾಕುವುದು, ಕಾಗದ ಸಾಲದು ಎಂದು ವಾಪಸ್ ಕಳಿಸುವುದು ಉಳಿಯಿತು. ಅಳತೆಯಂತೂ ಹೊಲದಲ್ಲೇ ಆಗಬೇಕು. ಸರಪಳಿ ಹಿಡಿದವನು ಬರುವ ತನಕ ಕೆಲಸವಿಲ್ಲ. ನಿನ್ನ ಹತ್ತಿರ 15,000 ಕೇಳಿದ್ದು ಅದಕ್ಕೆ.

ಇನ್ನೊಂದು ಮಾತು ಹೊರಗಿನವರಿಗೆ ಗೊತ್ತಿರುವುದಿಲ್ಲ. ಮೇಲಿನ ಸಾಹೇಬರು ಕ್ಯಾಂಪಿಗೆ ಬಂದರೆ ಊಟ, ಜೀಪಿನ ಡೀಸೆಲ್ ಯಾರು ನೋಡಿಕೊಳ್ಳಬೇಕು? ನಾವೇ. ಅದಕ್ಕೆ ಸರ್ಕಾರದ ಲೆಕ್ಕದಲ್ಲಿ ಒಂದು ಪೈಸೆ ಇರುತ್ತಿರಲಿಲ್ಲ. ಸಂಬಳದಿಂದ ಕೊಡುವವನು ಮನೆ ನಡೆಸುವುದು ಹೇಗೆ? ತೆಗೆದುಕೊಳ್ಳದವನಿಗೆ ಅಲ್ಲಿ ಉಳಿಗಾಲವಿರಲಿಲ್ಲ. ನನ್ನ ಜೊತೆಗಿದ್ದ ಒಬ್ಬ ಒಂದು ರೂಪಾಯಿ ಮುಟ್ಟಲಿಲ್ಲ. ಅವನನ್ನು ವರ್ಷಕ್ಕೊಮ್ಮೆ ಬೇರೆ ಊರಿಗೆ ಎತ್ತಿ ಹಾಕಿದರು.

ಮಲೆನಾಡಿನ ಮಗಳು

ಇಷ್ಟು ಬಿಚ್ಚಿ ಹೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. "ಮಾರಲು ಏನೂ ಉಳಿಯಲಿಲ್ಲ" ಎಂಬ ಮಾತು ಬೆಳಗ್ಗೆಯಿಂದ ತಲೆಯಲ್ಲಿ ಸುತ್ತುತ್ತಿದೆ.

ನಿವೃತ್ತ ಮೇಷ್ಟ್ರು

ಲೆಕ್ಕಿಗರ ಮಾತಿಗೆ ನಮ್ಮ ಇಲಾಖೆಯಿಂದ ಒಂದು ಸಾಕ್ಷಿ ಕೊಡುತ್ತೇನೆ. 1994ರಿಂದ 1999ರವರೆಗೆ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಮಂತ್ರಿಯಾಗಿದ್ದರು. ಅವರ ಕಾಲದಲ್ಲಿ ಒಂದು ಲಕ್ಷದಷ್ಟು ಮೇಷ್ಟ್ರುಗಳ ನೇಮಕವಾಯಿತು. ಅಂಕ ನೋಡಿದರು, ಪಟ್ಟಿ ಹಾಕಿದರು, ಆದೇಶ ಕೊಟ್ಟರು. ನನ್ನ ತಮ್ಮ ಆಗ ಕೆಲಸಕ್ಕೆ ಸೇರಿದ. ನಮ್ಮ ಮನೆಯಲ್ಲಿ ಕೊಡಲು ಒಂದು ಸಾವಿರವೂ ಇರಲಿಲ್ಲ. ನಮ್ಮ ಊರಿನಲ್ಲಿ ಕೂಲಿಯವರ ಮಕ್ಕಳು ಕೈಯಲ್ಲಿ ಆದೇಶ ಹಿಡಿದು ನಿಂತಿದ್ದನ್ನು ನೋಡಿ ಅತ್ತವರಿದ್ದಾರೆ.

ವರ್ಗಾವಣೆಯೂ ಹಾಗೆಯೇ. ಮೊದಲು ಶಾಸಕರ ಪತ್ರ ಹಿಡಿದು ಬೆಂಗಳೂರಿಗೆ ಓಡಬೇಕಿತ್ತು. 2007ರಲ್ಲಿ ಶಿಕ್ಷಕರ ವರ್ಗಾವಣೆಗೇ ಒಂದು ಕಾಯಿದೆ ಬಂತು. ಕೌನ್ಸೆಲಿಂಗ್ ಶುರುವಾಯಿತು. ಖಾಲಿ ಜಾಗದ ಪಟ್ಟಿ ಎಲ್ಲರ ಕಣ್ಣೆದುರು ಇರುತ್ತದೆ. ಸೇವೆ, ಕಾಯಿಲೆ, ಗಂಡ ಹೆಂಡತಿ ಪ್ರಕರಣ ಎಂದು ಕ್ರಮದಲ್ಲಿ ಕರೆಯುತ್ತಾರೆ. ಕೊರತೆ ಇಲ್ಲ ಅನ್ನುವುದಿಲ್ಲ. ಆದರೆ ದಲ್ಲಾಳಿಯ ಮನೆ ಬಾಗಿಲು ಕಾಯುವುದು ತಪ್ಪಿತು. ಓದುಗ_77 ಅವರೇ, ಮೇಷ್ಟ್ರುಗಳು ಅವರೇ, ಗುಮಾಸ್ತರು ಅವರೇ. ಬದಲಾದದ್ದು ಕ್ರಮ.

ಆದರೂ ಕಂಪ್ಯೂಟರ್ ತಂದರೆ ಮುಗಿಯಿತು ಅಂತ ಯಾರೂ ತಿಳಿಯಬೇಡಿ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ನಡೆಯಿತು. ಓಎಂಆರ್ ಉತ್ತರದ ಹಾಳೆಗಳನ್ನೇ ತಿದ್ದಿದ್ದು ಹೊರಬಂದು, ಮರುವರ್ಷ ಪರೀಕ್ಷೆಯೇ ರದ್ದಾಯಿತು. ಹಗಲು ರಾತ್ರಿ ಓದಿ ಪಾಸಾಗಿದ್ದ ಮಕ್ಕಳ ಗತಿ ಏನು? ನನ್ನ ಇಬ್ಬರು ಶಿಷ್ಯರು ಅದರಲ್ಲಿದ್ದರು. ಹಾಳೆ ಇಟ್ಟ ಕೋಣೆಯ ಬೀಗ ಯಾರ ಕೈಯಲ್ಲಿದೆ ಎಂಬುದೂ ವ್ಯವಸ್ಥೆಯೇ.

ದೂರದೂರಿನ ಕನ್ನಡಿಗ

ಸಿಂಗಪುರದಿಂದ ಬರೆಯುತ್ತಿದ್ದೇನೆ, ಇಲ್ಲಿಗೆ ಬಂದು 14 ವರ್ಷವಾಯಿತು. ಜನರ ಸ್ವಭಾವವೇ ಕಾರಣ ಅನ್ನುವವರಿಗೆ ನಾನು ಹಾಂಗ್‌ಕಾಂಗ್ ಕಥೆ ಹೇಳುತ್ತೇನೆ.

1960ರ ದಶಕದಲ್ಲಿ ಅಲ್ಲಿ ಆಂಬುಲೆನ್ಸಿನವರು ರೋಗಿಯನ್ನು ಎತ್ತಿಕೊಳ್ಳಲು "ಚಹಾ ಕಾಸು" ಕೇಳುತ್ತಿದ್ದರು. ಆಸ್ಪತ್ರೆಯಲ್ಲಿ ಆಯಾಗೆ ಕಾಸು ಕೊಡದಿದ್ದರೆ ಒಂದು ಲೋಟ ನೀರೂ ಸಿಗುತ್ತಿರಲಿಲ್ಲ. 1973ರಲ್ಲಿ ಪೀಟರ್ ಗಾಡ್ಬರ್ ಎಂಬ ಹಿರಿಯ ಪೊಲೀಸ್ ಅಧಿಕಾರಿ ತನಿಖೆ ನಡೆಯುವಾಗಲೇ ಇಂಗ್ಲೆಂಡಿಗೆ ಓಡಿಹೋದ. ಜನ ಬೀದಿಗೆ ಇಳಿದರು. 1974ರಲ್ಲಿ ಐಸಿಎಸಿ ಎಂಬ ಭ್ರಷ್ಟಾಚಾರ ತಡೆ ಸಂಸ್ಥೆ ಹುಟ್ಟಿತು. ಅದು ಪೊಲೀಸರ ಕೈಕೆಳಗೆ ಇರಲಿಲ್ಲ, ನೇರ ಗವರ್ನರ್‌ಗೆ ಉತ್ತರ ಕೊಡಬೇಕಿತ್ತು. ಗಾಡ್ಬರ್‌ನನ್ನು ವಾಪಸ್ ಕರೆತಂದು ಜೈಲಿಗೆ ಹಾಕಿದರು. ಒಂದು ತಲೆಮಾರಿನಲ್ಲಿ ಊರೇ ಬದಲಾಯಿತು. ಜನ ಅವರೇ, ಭಾಷೆ ಅದೇ, ದೇವರೂ ಅವರೇ.

ಇಲ್ಲಿ ಸಿಂಗಪುರದಲ್ಲೂ ಮಂತ್ರಿಗಳ ಸಂಬಳ ಬಹಳ ಜಾಸ್ತಿ, ಶಿಕ್ಷೆಯೂ ಬೇಗ. 2024ರ ಅಕ್ಟೋಬರ್‌ನಲ್ಲಿ ಮಾಜಿ ಸಾರಿಗೆ ಮಂತ್ರಿ ಈಶ್ವರನ್ ಅವರಿಗೆ ಉಡುಗೊರೆ ಪಡೆದ ಪ್ರಕರಣದಲ್ಲಿ 12 ತಿಂಗಳ ಜೈಲಾಯಿತು. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಇಲ್ಲಿ ಒಬ್ಬರೂ ಕಾಸು ಕೇಳಿಲ್ಲ. ನಮಗೂ ಹೀಗೆ ಒಂದು ಗಟ್ಟಿ ಕೈ ಬೇಕು ಅನಿಸುತ್ತದೆ.

ಹೊಸ ವಕೀಲೆ

ಕೊನೆಯ ಸಾಲನ್ನು ನಾನು ಒಪ್ಪುವುದಿಲ್ಲ ಸರ್. ಗಟ್ಟಿ ಕೈ ಬೇಕು ಅನ್ನುವವರೆಲ್ಲ ಸಿಂಗಪುರವನ್ನೇ ತೋರಿಸುತ್ತಾರೆ. ಗಟ್ಟಿ ಕೈ ಇದ್ದ ಸುಹಾರ್ತೊ ಅವರ ಇಂಡೋನೇಷ್ಯಾ, ಮೊಬುಟು ಅವರ ಜೈರೆ, ಮಾರ್ಕೋಸ್ ಅವರ ಫಿಲಿಪ್ಪೀನ್ಸ್ ನೋಡಿ. ದೇಶದ ಬೊಕ್ಕಸ ಒಂದೊಂದು ಮನೆತನದ ಕಪಾಟು ಸೇರಿತು. ಪ್ರಶ್ನೆ ಕೇಳುವವರೇ ಇರಲಿಲ್ಲ. ಚುನಾವಣೆ ಒಂದೇ ಸಾಲದು ಎಂಬುದು ನಿಜ, ಆದರೆ ಅದನ್ನು ತೆಗೆದುಹಾಕಿದರೆ ಲಂಚ ಹೋಗುತ್ತದೆ ಎಂಬುದು ಸುಳ್ಳು.

ನೀವು ಹೇಳಿದ ಹಾಂಗ್‌ಕಾಂಗ್ ಕಥೆಯಲ್ಲಿ ಮುಖ್ಯ ಮಾತು ಬೇರೆ ಇದೆ. ಆ ಸಂಸ್ಥೆ ಪೊಲೀಸರ ಕೈಕೆಳಗೆ ಇರಲಿಲ್ಲ. ನಮ್ಮಲ್ಲಿ ಏನಾಯಿತು? 1984ರ ಕಾಯಿದೆಯಿಂದ ಲೋಕಾಯುಕ್ತ ಬಂತು. ನ್ಯಾಯಮೂರ್ತಿ ವೆಂಕಟಾಚಲ ಅವರ ಕಾಲದಲ್ಲಿ ಕಚೇರಿಗಳೇ ನಡುಗುತ್ತಿದ್ದವು ಎಂದು ನಮ್ಮ ಮಾವ ಈಗಲೂ ಹೇಳುತ್ತಾರೆ. 2016ರಲ್ಲಿ ಲೋಕಾಯುಕ್ತದ ಪೊಲೀಸ್ ಬಲವನ್ನು ತೆಗೆದು, ಸರ್ಕಾರದ ಕೈಕೆಳಗೆ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಮಾಡಿದರು. ಬೇಲಿ ಕಾಯುವವನಿಗೆ ಹೊಲದ ಯಜಮಾನನೇ ಕೂಲಿ ಕೊಟ್ಟು, ಯಜಮಾನನನ್ನೇ ಹಿಡಿ ಅಂದ ಹಾಗೆ. 2022ರ ಆಗಸ್ಟ್ 11ರಂದು ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿತು. ಮಧ್ಯೆ ಆರು ವರ್ಷ ಹೋಯಿತು. ಎಷ್ಟು ಫೈಲುಗಳು ಆ ಆರು ವರ್ಷದಲ್ಲಿ ತಣ್ಣಗಾದವು ಎಂದು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಕೆಂಪುಮಣ್ಣು

ಗಣಿ ಸೀಮೆಯವನು ನಾನು. ಪಹಣಿ, ವರ್ಗಾವಣೆ ಎಲ್ಲಾ ಸರಿ. ದೊಡ್ಡ ದುಡ್ಡಿನ ಲಂಚ ಹೇಗೆ ಹುಟ್ಟುತ್ತದೆ ಎಂದು ನಾವು ಕಣ್ಣಾರೆ ನೋಡಿದ್ದೇವೆ. ಅದಕ್ಕೆ ಉದ್ದವಾಗಿ ಬರೆಯುತ್ತೇನೆ.

2000ದ ನಂತರ ಚೀನಾಕ್ಕೆ ಉಕ್ಕು ಬೇಕಾಯಿತು. ಬೀಜಿಂಗ್ ಒಲಿಂಪಿಕ್ಸ್ ಬೇರೆ. ಕಬ್ಬಿಣದ ಅದಿರಿನ ಬೆಲೆ ಟನ್ನಿಗೆ ಸಾವಿರಾರು ರೂಪಾಯಿಗೆ ಏರಿತು. ಸರ್ಕಾರಕ್ಕೆ ಬರುತ್ತಿದ್ದ ರಾಯಧನ ಎಷ್ಟು ಗೊತ್ತಾ? ಟನ್ನಿಗೆ 30 ರೂಪಾಯಿಯ ಒಳಗೆ. ಬೆಲೆ ಏರಿದರೂ ರಾಯಧನ ಏರಲಿಲ್ಲ, ಏಕೆಂದರೆ ಅದನ್ನು ಟನ್ ಲೆಕ್ಕದಲ್ಲಿ ಕಟ್ಟಿಹಾಕಿದ್ದರು. ಬೆಲೆಯ ಶೇ. 10 ಎಂದು ಬದಲಾಯಿಸಿದ್ದು 2009ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಗುಡ್ಡಗಳೇ ಕರಗಿದ್ದವು.

ಈಗ ಯೋಚನೆ ಮಾಡಿ. 30 ರೂಪಾಯಿ ಕಟ್ಟಿದರೆ ಸಾವಿರಾರು ರೂಪಾಯಿಯ ಮಾಲು ಕೈಗೆ ಬರುತ್ತದೆ. ಗಣಿ ಗುತ್ತಿಗೆ ಯಾರಿಗೆ ಎಂದು ತೀರ್ಮಾನಿಸುವುದು ಹರಾಜಲ್ಲ, ಒಂದು ಸಹಿ. ಆ ಸಹಿಯ ಬೆಲೆ ಎಷ್ಟಾಗಬಹುದು? ಮಧ್ಯದಲ್ಲಿ ಇರುವ ದುಡ್ಡು ಹಂಚಿಕೊಳ್ಳಲು ಎಲ್ಲರೂ ಬಂದರು. ಪರ್ಮಿಟ್ ಕೊಡುವವನು, ಚೆಕ್‌ಪೋಸ್ಟಿನವನು, ಲಾರಿ ತೂಗುವವನು, ಬಂದರಿನವನು. ನಮ್ಮೂರಿನ ಹುಡುಗರು ಓದು ಬಿಟ್ಟು ಲಾರಿ ಹತ್ತಿದರು. ಮನೆಯ ಅನ್ನದ ಮೇಲೂ ಕೆಂಪು ಧೂಳು. ಅಮ್ಮ ತಟ್ಟೆಯನ್ನು ಸೆರಗಿನಿಂದ ಮುಚ್ಚಿ ಊಟ ಕೊಡುತ್ತಿದ್ದರು.

ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಲಕ್ಷಾಂತರ ಟನ್ ಅದಿರೇ 2010ರಲ್ಲಿ ಮಾಯವಾಯಿತು. ಜಪ್ತಿ ಮಾಡಿದ್ದು ಸರ್ಕಾರ, ಕಾಯಬೇಕಾದ್ದೂ ಸರ್ಕಾರ. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ವರದಿ ಕೊಟ್ಟರು. ನಷ್ಟ 16,085 ಕೋಟಿ ಎಂದು ಲೆಕ್ಕ ಹಾಕಿದ್ದರು. ಆಗಿನ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಮುಂದೆ 2016ರಲ್ಲಿ ಗಣಿ ಕಿಕ್‌ಬ್ಯಾಕ್ ಪ್ರಕರಣದಲ್ಲಿ ಸಿಬಿಐ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು, ಅದನ್ನೂ ಹೇಳಬೇಕು.

ವರದಿ ಬಂದ ಎರಡೇ ದಿನಕ್ಕೆ ಬಳ್ಳಾರಿಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಆಮೇಲೆ ಅದಿರನ್ನು ಇ-ಹರಾಜಿನಲ್ಲೇ ಮಾರಬೇಕು ಎಂದಿತು. ವರ್ಷಕ್ಕೆ ಇಷ್ಟೇ ತೆಗೆಯಬೇಕು ಎಂದು ಮಿತಿ ಹಾಕಿತು. ಹೆಚ್ಚು ಅಕ್ರಮ ನಡೆದ "ಸಿ" ವರ್ಗದ ಗುತ್ತಿಗೆಗಳನ್ನು 2013ರಲ್ಲಿ ರದ್ದು ಮಾಡಿತು. ನಮ್ಮ ಸೀಮೆಯ ಜನರ ಗುಣ ಆ ಎರಡು ವರ್ಷದಲ್ಲಿ ಬದಲಾಗಲಿಲ್ಲ. ಹರಾಜು ಬಂದ ಮೇಲೆ ಬೆಲೆ ಮಾರುಕಟ್ಟೆಯಲ್ಲಿ ನಿಂತಿತು, ಸಹಿ ಮಾರಾಟಕ್ಕೆ ಇದ್ದ ಜಾಗ ಕಿರಿದಾಯಿತು. ಗುಡ್ಡ ಮಾತ್ರ ಮತ್ತೆ ಬರಲಿಲ್ಲ.

ಓದುಗ_77 · ಮಂಗಳವಾರ

ಎಲ್ಲವನ್ನೂ ಎರಡು ಸಲ ಓದಿದೆ. ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ.

ನಮ್ಮ ತಂದೆ ಸ್ಕೂಟರಿಗೆ ಹೆಸರು ಬರೆಸಿ ಏಳು ವರ್ಷ ಕಾದರು. ಫೋನಿಗೂ ಹಾಗೆಯೇ. ಫೋನ್ ಬಂದ ಮೇಲೆ ಲೈನ್‌ಮನ್‌ಗೆ ಪ್ರತಿ ಹಬ್ಬಕ್ಕೂ ಕೈಬಿಸಿ. ಸಿಮೆಂಟಿಗೂ ಪರ್ಮಿಟ್ ಇತ್ತು. ಇವತ್ತು ನನ್ನ ಮಗ ಸಿಮ್ ತರಲು ಯಾರಿಗೂ ಒಂದು ರೂಪಾಯಿ ಕೊಟ್ಟಿಲ್ಲ. ಈ ಕೋನದಿಂದ ನಾನು ಯೋಚಿಸಿರಲಿಲ್ಲ. 1991ರ ನಂತರ ಮಾಲು ಸಾಕಷ್ಟು ಬಂದ ಕಡೆ ಲಂಚ ತಾನಾಗೇ ಬಿದ್ದುಹೋಯಿತು.

ಆದರೂ ಒಂದು ಅನುಮಾನ. ಮಾರುಕಟ್ಟೆ ತೆರೆದರೆ ಸಾಕು ಅಂದರೆ, ರಷ್ಯಾದಲ್ಲಿ ಏನಾಯಿತು? 1995ರಲ್ಲಿ ಸರ್ಕಾರಕ್ಕೆ ಸಾಲ ಕೊಟ್ಟವರಿಗೆ ಷೇರು ಎಂದು ಸರ್ಕಾರದ ದೊಡ್ಡ ಕಂಪನಿಗಳು ಬೆರಳೆಣಿಕೆಯ ಜನರಿಗೆ ಅಗ್ಗದಲ್ಲಿ ಹೋದವು. ಮೊದಲು ಪಕ್ಷದವನ ಪರಿಚಯ ಬೇಕಿತ್ತು, ಆಮೇಲೆ ಬ್ಯಾಂಕಿನವನ ಪರಿಚಯ. ನಮ್ಮಲ್ಲೂ ಮೊಬೈಲ್ ಫೋನಿನ ತರಂಗಾಂತರ ಹಂಚಿಕೆ ನೋಡಿ. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 122 ಪರವಾನಗಿ ರದ್ದು ಮಾಡಿತು. 2017ರಲ್ಲಿ ವಿಶೇಷ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಟ್ಟಿತು. ಅಪರಾಧ ಸಾಬೀತಾಗದಿದ್ದರೂ, ಹಂಚಿದ ರೀತಿ ಸರಿಯಿರಲಿಲ್ಲ ಎಂದು ಸುಪ್ರೀಂ ಕೋರ್ಟ್ ಮೊದಲೇ ಹೇಳಿತ್ತು. ಸಮಾಜವಾದ, ಬಂಡವಾಳವಾದ ಎಂಬ ಹೆಸರಿನಿಂದ ಏನೂ ತಿಳಿಯುವುದಿಲ್ಲ ಅನಿಸುತ್ತಿದೆ.

ಆದರೆ ಮನೆಯ ಸಂಸ್ಕಾರವನ್ನು ನಾನು ಪೂರ್ತಿ ಬಿಡುವುದಿಲ್ಲ. ಲೆಕ್ಕಿಗರ ಆ ಸ್ನೇಹಿತರು ಯಾಕೆ ಮುಟ್ಟಲಿಲ್ಲ?

ದೂರದೂರಿನ ಕನ್ನಡಿಗ

ಅದಕ್ಕೆ ನ್ಯೂಯಾರ್ಕಿನ ಒಂದು ಅಧ್ಯಯನ ನೆನಪಾಗುತ್ತದೆ. ವಿಶ್ವಸಂಸ್ಥೆಯ ರಾಜತಾಂತ್ರಿಕರು ಕಾರನ್ನು ಎಲ್ಲೆಂದರಲ್ಲಿ ನಿಲ್ಲಿಸಿದರೂ ದಂಡ ಕಟ್ಟಿ ಎಂದು ಬಲವಂತ ಮಾಡುವ ಹಾಗಿರಲಿಲ್ಲ. ಯಾರ ಭಯವೂ ಇಲ್ಲ. ಆಗ ಹೆಚ್ಚು ಭ್ರಷ್ಟ ದೇಶದವರು ಜಾಸ್ತಿ ನಿಯಮ ಮುರಿದರು, ಸ್ಕ್ಯಾಂಡಿನೇವಿಯಾದವರು ಮುರಿಯಲೇ ಇಲ್ಲ ಎನ್ನುವಷ್ಟು ಕಮ್ಮಿ. ಅಂದರೆ ನಿಮ್ಮ ಮಾತು ನಿಜ, ಸಂಸ್ಕಾರ ಇದೆ. 2002ರಲ್ಲಿ ನಗರದವರು ದಂಡ ಕಟ್ಟದವರ ನಂಬರ್ ಪ್ಲೇಟ್ ಕಿತ್ತುಕೊಳ್ಳಲು ಶುರು ಮಾಡಿದರು. ದಂಡ ಕಟ್ಟದೆ ಬಾಕಿ ಉಳಿಯುವ ಚೀಟಿಗಳು ಶೇ. 98ರಷ್ಟು ಇಳಿದವು. ಅದೇ ಸಂಸ್ಕಾರದ ಜನರೇ.

ಮತ್ತೆ, ವಕೀಲೆ ಮೇಡಂ ನನ್ನ ಗಟ್ಟಿ ಕೈ ಮಾತಿಗೆ ಹೇಳಿದ್ದು ಸರಿ. ನನ್ನ ಅನುಭವ ಒಂದೇ ಊರಿನದು. ಅದರಿಂದ ಅಷ್ಟು ದೊಡ್ಡ ತೀರ್ಮಾನಕ್ಕೆ ಬರಬಾರದಿತ್ತು.

ಸಣ್ಣ ಗುತ್ತಿಗೆದಾರ

ಹೆಸರು ಹಾಕಲು ಧೈರ್ಯವಿಲ್ಲ. ರಸ್ತೆ, ಚರಂಡಿ ಕೆಲಸ ಮಾಡಿಸುತ್ತೇನೆ. ನೀವೆಲ್ಲ ಕೆಳಗಿನ ಮೇಜು ನೋಡುತ್ತಿದ್ದೀರಿ. ದುಡ್ಡು ಅಲ್ಲಿ ನಿಲ್ಲುವುದಿಲ್ಲ, ಮೇಲೆ ಹತ್ತುತ್ತದೆ.

ವಿಧಾನಸಭೆ ಚುನಾವಣೆಗೆ ಒಬ್ಬ ಅಭ್ಯರ್ಥಿ 40 ಲಕ್ಷ ಖರ್ಚು ಮಾಡಬಹುದು ಎಂದು ನಿಯಮ. ನಮ್ಮ ಕ್ಷೇತ್ರದಲ್ಲಿ ಅದು ಒಂದು ಹೋಬಳಿಗೂ ಸಾಲದು. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಆ ದುಡ್ಡು ಎಲ್ಲಿಂದ ಬರಬೇಕು? ಗೆದ್ದವರು ಬೇಕಾದ ಎಂಜಿನಿಯರನ್ನು ಹಾಕಿಸಿಕೊಳ್ಳುತ್ತಾರೆ. ಆಯಕಟ್ಟಿನ ಜಾಗಕ್ಕೆ ದರ ಇದೆ. ದರ ಕೊಟ್ಟು ಬಂದ ಎಂಜಿನಿಯರ್ ನನ್ನ ಬಿಲ್ ತಡೆದು ಹಿಡಿಯುತ್ತಾನೆ. ನಾನು ಸಿಮೆಂಟ್ ಕಮ್ಮಿ ಹಾಕುತ್ತೇನೆ. ಮೊದಲ ಮಳೆಗೆ ರಸ್ತೆ ಕಿತ್ತುಹೋಗುತ್ತದೆ. ಜನ ನನ್ನ ಮುಖಕ್ಕೆ ಉಗಿಯುತ್ತಾರೆ. ಉಗಿಯಲಿ, ತಪ್ಪು ನನ್ನದೂ ಇದೆ.

2021ರಲ್ಲಿ ನಮ್ಮ ರಾಜ್ಯದ ಗುತ್ತಿಗೆದಾರರ ಸಂಘ ಪ್ರಧಾನಿಗೇ ಪತ್ರ ಬರೆದು 40 ಪರ್ಸೆಂಟ್ ಕಮಿಷನ್ ಎಂದು ದೂರಿತು. ಆ ಮಾತು ಚುನಾವಣೆಯ ಘೋಷಣೆಯಾಯಿತು, ಸರ್ಕಾರ ಬದಲಾಯಿತು. ನನ್ನ ಹಳೆಯ ಬಿಲ್ ಇನ್ನೂ ಬಂದಿಲ್ಲ. ಇ-ಟೆಂಡರ್ ಬಂದು ಎಷ್ಟೋ ವರ್ಷವಾಯಿತು. ಟೆಂಡರ್ ಕಂಪ್ಯೂಟರಿನಲ್ಲಿದೆ. ಬಿಲ್ ಯಾವಾಗ ಪಾಸಾಗಬೇಕು ಎಂಬುದು ಮನುಷ್ಯನ ಕೈಯಲ್ಲಿದೆ. ಪಹಣಿಯ ಹಾಗೆ ಬಿಲ್ಲಿಗೂ ಸರದಿ ಸಾಲು ಮಾಡಿ, ಯಾರ ಬಿಲ್ ಎಷ್ಟನೆಯದು ಎಂದು ಹೊರಗೆ ಹಾಕಿದರೆ ನಮ್ಮಂಥವರು ಉಸಿರಾಡಬಹುದು.

ಹಳೆಯ ಗ್ರಾಮ ಲೆಕ್ಕಿಗ

ಗುತ್ತಿಗೆದಾರರು ಹೇಳಿದ ಏಣಿ ನಿಜ. ನಮ್ಮಲ್ಲೂ ಇತ್ತು.

ಓದುಗ_77 ಅವರು ನನ್ನ ಸ್ನೇಹಿತನ ಬಗ್ಗೆ ಕೇಳಿದರು. ಅವನಿಗೆ ಊರಿನಲ್ಲಿ ನಾಲ್ಕು ಎಕರೆ ನೀರಾವರಿ ಇತ್ತು, ಎತ್ತಿ ಹಾಕಿದರೂ ಹೆದರಲಿಲ್ಲ. ಅಷ್ಟೇ ಅಲ್ಲ, ಅವನ ತಾಯಿ ಹೊಸ ಬಟ್ಟೆ ಕಂಡರೆ "ಇದರ ದುಡ್ಡು ಎಲ್ಲಿಯದು" ಎಂದು ಕೇಳುತ್ತಿದ್ದರು. ನನ್ನ ಮನೆಯಲ್ಲಿ ಯಾರೂ ಕೇಳಲಿಲ್ಲ.

ಹೊಸ ವಕೀಲೆ

ಪ್ರಶ್ನೆ ಕೇಳಿದವರೇ, ಮಗಳೇ ಎಂದು ಲೆಕ್ಕಿಗರು ಕರೆದರು, ನಾನು ಅಕ್ಕ ಅನ್ನುತ್ತೇನೆ. ಚರ್ಚೆ ಒಂದು ಕಡೆ ಇರಲಿ, ನಿಮ್ಮ ಕೆಲಸ ಆಗಬೇಕು. ಪೋಡಿ ಅರ್ಜಿಯನ್ನು ಮೋಜಿಣಿಯಲ್ಲಿ, ಅಂದರೆ ಅಳತೆ ಅರ್ಜಿಗಳ ಕಂಪ್ಯೂಟರ್ ವ್ಯವಸ್ಥೆಯಲ್ಲಿ, ಹಾಕಿದ್ದೀರಾ? ಬಾಯಿ ಮಾತಿನಲ್ಲಿ ಹೇಳಿ ಬಂದಿದ್ದರೆ ನಿಮ್ಮ ಅರ್ಜಿ ಅವರ ಲೆಕ್ಕದಲ್ಲೇ ಇರುವುದಿಲ್ಲ. ಶುಲ್ಕ ಕಟ್ಟಿ, ಸ್ವೀಕೃತಿ ಇಟ್ಟುಕೊಳ್ಳಿ, ಸಕಾಲ ಸಂಖ್ಯೆ ಕೇಳಿ (ಇಂತಿಷ್ಟು ದಿನದಲ್ಲಿ ಕೆಲಸ ಮಾಡಿಕೊಡಬೇಕು ಎನ್ನುವ ಕಾಯಿದೆ ಸಕಾಲ). ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ಪರಿಹಾರ. ಮೊತ್ತ ಚಿಕ್ಕದು, ಆದರೆ ಅದನ್ನು ತಡ ಮಾಡಿದ ನೌಕರರ ಸಂಬಳದಿಂದ ವಸೂಲಿ ಮಾಡಬಹುದು. ಅದಕ್ಕೇ ಅವರಿಗೆ ಆ ಸಂಖ್ಯೆ ಕಂಡರೆ ಇರುಸುಮುರುಸು.

ಹಿಂದೆ ಬಂದವರಿಗೆ ಏನೂ ಕೊಡಬೇಡಿ. ಭ್ರಷ್ಟಾಚಾರ ತಡೆ ಕಾಯಿದೆಗೆ ಬಂದ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು. ಕೊಡುವ ಮುಂಚೆಯೇ ಲೋಕಾಯುಕ್ತಕ್ಕೆ ಹೋದರೆ ಇನ್ನೂ ಒಳ್ಳೆಯದು.

ಮಲೆನಾಡಿನ ಮಗಳು · ಮೂರು ವಾರದ ನಂತರ

ಎಲ್ಲರಿಗೂ ಸುದ್ದಿ ಹೇಳಬೇಕು. ವಕೀಲೆ ಹೇಳಿದ್ದು ಸರಿ, ನನ್ನ ಅರ್ಜಿ ಎಲ್ಲೂ ದಾಖಲಾಗಿರಲೇ ಇಲ್ಲ. ಎರಡು ತಿಂಗಳು ಸುಮ್ನೆ ಓಡಾಡಿದ್ದೆ. ಹೊಸದಾಗಿ ಹಾಕಿ ಸಂಖ್ಯೆ ತೆಗೆದುಕೊಂಡೆ. ಆ ಕೋಣೆಗೆ ಹೋಗಿ ಸಂಖ್ಯೆ ತೋರಿಸಿದಾಗ ಯಾರೂ ಹಿಂದೆ ಬರಲಿಲ್ಲ. ಪಕ್ಕದ ತೋಟದವರು ಮಾತ್ರ ದುಡ್ಡು ಕೊಟ್ಟು ನನಗಿಂತ ಮೊದಲೇ ಅಳತೆ ಮಾಡಿಸಿಕೊಂಡರು. ಅದನ್ನು ನೋಡಿ ಅಣ್ಣನಿಗೆ ಕೋಪ ಬಂದು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಈಗ ನೋಟಿಸ್ ಬಂದಿದೆ. ಮುಂದಿನ ಶುಕ್ರವಾರ ಬೆಳಗ್ಗೆ ಅಳತೆ. ಅಕ್ಕಪಕ್ಕದವರಿಗೂ ನೋಟಿಸ್ ಹೋಗಿದೆ. ಮೂಡಲ ಬದಿಯ ಗಡಿಕಲ್ಲು ಪೊದೆಯೊಳಗೆ ಮುಚ್ಚಿಹೋಗಿದೆ, ಅದು ಎಲ್ಲಿದೆ ಎಂದು ಅಮ್ಮನಿಗೆ ಮಾತ್ರ ಗೊತ್ತು. ಅಷ್ಟರೊಳಗೆ ಪೊದೆ ಕಡಿಸಲು ಆಳು ಹುಡುಕುತ್ತಿದ್ದೇವೆ.